ಆಪರೇಷನ್ ಆದ್ಮೇಲೆ ಮೋಷನ್ ಆಗ್ತಿಲ್ಲ

ಪ್ರಶ್ನೆ: ಅಮ್ಮಂಗೆ ಗರ್ಭಕೋಶದ ಆಪರೇಷನ್ ಆಗಿ 5 ದಿನ, ಗ್ಯಾಸ್ ಹೋಗುತ್ತೆ ಆದ್ರೆ ಮೋಷನ್ ಇಲ್ಲ, ತಿಣುಕಿದ್ರೆ ಹೊಲಿಗೆ ಬಿಚ್ಚುತ್ತೇನೋ ಅಂತ ಭಯ. ಹರಳೆಣ್ಣೆ ಕೊಡ್ಲಾ?

ಉತ್ತರ: ಹರಳೆಣ್ಣೆ ಬೇಡಮ್ಮ, ಹಸಿ ಗಾಯದ ಹೊಟ್ಟೆ ನುಲಿಯೋಕೆ ಶುರುವಾದ್ರೆ ಕಷ್ಟ. ಟ್ರಾಮಡಾಲ್ ಥರದ ನೋವಿನ ಮಾತ್ರೆ ಕರುಳನ್ನ ನಿಧಾನ ಮಾಡುತ್ತೆ, ಮೇಲಿಂದ ಮಲಗೇ ಇರೋದು, ನೀರು ಕಮ್ಮಿ. ರಾತ್ರಿ ಹತ್ತು ಒಣದ್ರಾಕ್ಷಿ ನೆನೆಸಿ ಬೆಳಿಗ್ಗೆ ಅದೇ ನೀರಲ್ಲಿ ಕಿವುಚಿ ಕುಡಿಸಿ (ಶುಗರ್ ಇದ್ರೆ ಬೇಡ), ಊಟಕ್ಕೆ ಬಸಳೆ ಸೊಪ್ಪಿನ ಸಾರು ಇರ್ಲಿ, ಆಮೇಲೆ ಕೈ ಹಿಡ್ಕೊಂಡು ಮನೆಯೊಳಗೇ ನಾಲ್ಕು ಸುತ್ತು ನಡೆಸಿ. ಕಮೋಡ್ ಮುಂದೆ ಮಣೆ ಇಟ್ಟು ಕಾಲು ಎತ್ತರಕ್ಕಿಡಲಿ, ತಿಣುಕೋದು ಬೇಡವೇ ಬೇಡ. 5 ದಿನ ಜಾಸ್ತಿನೇ ಆಯ್ತು, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಮಲ ಮೆತ್ತಗೆ ಮಾಡೋ ಲ್ಯಾಕ್ಟುಲೋಸ್ ಸಿರಪ್ ಕೊಡಬಹುದಾ ಕೇಳಿ. ವಾಂತಿ ಬಂದ್ರೆ, ಹೊಟ್ಟೆ ಉಬ್ಬಿ ಗ್ಯಾಸೂ ನಿಂತ್ರೆ ಮನೆಮದ್ದು ಬಿಟ್ಟು ಸೀದಾ ಆಸ್ಪತ್ರೆಗೆ ಹೋಗಿ.