ಭಾರತದಲ್ಲಿ ಪಿಎಚ್.ಡಿ. ಪದ್ಧತಿ ಹೇಗೆ ಬೆಳೆದು ಬಂತು?

1857ರಲ್ಲಿ ಶುರುವಾದ ಕಲ್ಕತ್ತ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಮೊದಲಿಗೆ ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದವು, ಅಷ್ಟೇ. ಬೋಧನೆ, ಸಂಶೋಧನೆಗೆ ಕಾನೂನಿನ ಬಲ ಬಂದದ್ದು 1904ರ ಭಾರತೀಯ ವಿಶ್ವವಿದ್ಯಾಲಯಗಳ ಕಾಯ್ದೆಯಿಂದ.

ದೊಡ್ಡ ತಿರುವು ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2009ರ ನಿಯಮಾವಳಿ: ಪ್ರವೇಶ ಪರೀಕ್ಷೆ, ಕೋರ್ಸ್‌ವರ್ಕ್ (ಸಂಶೋಧನೆಗೆ ಬೇಕಾದ ವಿಷಯಗಳ ತರಗತಿ ಪಾಠ) ಕಡ್ಡಾಯವಾದವು. 2016ರಲ್ಲಿ ಒಬ್ಬ ಮಾರ್ಗದರ್ಶಕರು ಒಮ್ಮೆಗೆ ಎಷ್ಟು ಪಿಎಚ್.ಡಿ. ವಿದ್ಯಾರ್ಥಿಗಳನ್ನು ಹೊಂದಿರಬಹುದು ಎಂಬುದಕ್ಕೆ ಹುದ್ದೆಗೆ ತಕ್ಕ ಮಿತಿ ಬಂತು. ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳು.

2022ರ ನಿಯಮ ಪಿಎಚ್.ಡಿ.ಗಿಂತ ಕೆಳಗಿನ ಸಂಶೋಧನಾ ಪದವಿಯಾದ ಎಂ.ಫಿಲ್. ಅನ್ನು ನಿಲ್ಲಿಸಿತು. ಮಹಾಪ್ರಬಂಧ ಸಲ್ಲಿಸುವ ಮುನ್ನ ಜರ್ನಲ್‌ನಲ್ಲಿ ಲೇಖನ ಬರಲೇಬೇಕೆಂಬ ಷರತ್ತನ್ನೂ ಕೈಬಿಟ್ಟಿತು. ಇದು ಒಳ್ಳೆಯದೇ ಆಯಿತು: ಆ ಒತ್ತಡದಲ್ಲಿ ವಿದ್ಯಾರ್ಥಿಗಳು ದುಡ್ಡು ಕೊಟ್ಟರೆ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳ ಪಾಲಾಗುತ್ತಿದ್ದರು. ಈಗ ಅವಧಿ 3ರಿಂದ 6 ವರ್ಷ, ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದಿರುವ ಅಧ್ಯಾಪಕರು ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವಂತಿಲ್ಲ. ಮಾರ್ಗದರ್ಶಕರನ್ನು ಕೇಳುವ ಮೊದಲು ಇದನ್ನು ನೋಡಿಕೊಳ್ಳಿ.