ಯಾರ ಮುಂದೆ ವಾದವೋ, ಅದಕ್ಕೆ ತಕ್ಕ ಮಾತು

ಪ್ರಶ್ನೆ: ಇಂಗ್ಲೆಂಡಿನ ಕೋರ್ಟ್‌ಗಳಲ್ಲಿ ಪ್ರಾಸಿಕ್ಯೂಟರ್‌ಗಳು, ಅಂದರೆ ಆರೋಪದ ಪರ ವಾದಿಸೋ ಸರ್ಕಾರಿ ವಕೀಲರು, ಮಾತಾಡೋ ರೀತಿಗೂ ಉಜ್ಬೇಕಿಸ್ತಾನದ ರೀತಿಗೂ ತುಂಬಾ ವ್ಯತ್ಯಾಸ ಇದೆಯಂತೆ. ಭಾಷೆ ಬೇರೆ ಅನ್ನೋದಷ್ಟೇ ಕಾರಣವಾ?

ಉತ್ತರ: ಭಾಷೆಗಿಂತ ಜಾಸ್ತಿ, ಎದುರಿಗೆ ಕೂತು ಕೇಳುವವರು ಯಾರು ಅನ್ನೋದು ಕಾರಣ.

ಇಂಗ್ಲೆಂಡಿನಲ್ಲಿ ಗಂಭೀರ ಕ್ರಿಮಿನಲ್ ಕೇಸು ಕ್ರೌನ್ ಕೋರ್ಟಿಗೆ ಹೋಗುತ್ತದೆ. ಆರೋಪಿ ತಪ್ಪೊಪ್ಪಿಕೊಳ್ಳದಿದ್ದರೆ ತೀರ್ಮಾನ ಹೇಳುವವರು ಸಾಮಾನ್ಯವಾಗಿ 12 ಜನರ ಜ್ಯೂರಿ. ಕಾನೂನು ಓದದ ಸಾಮಾನ್ಯ ಜನ. ಅವರಿಗೆ ತಿಳಿಯಬೇಕಲ್ಲ, ಅದಕ್ಕೇ ಪ್ರಾಸಿಕ್ಯೂಟರ್ ಮೊದಲು ನಡೆದದ್ದನ್ನೆಲ್ಲ ಸರಳವಾಗಿ, ಕಥೆ ಬಿಚ್ಚಿದಂತೆ ಹೇಳುತ್ತಾರೆ. ಆಮೇಲೆ ಎದುರು ಕಡೆಯ ಸಾಕ್ಷಿಗೆ ಹಾಕುವ ಪಾಟೀಸವಾಲು ನೋಡಬೇಕು:

"ಅಂಗಡಿಯ ಬೀಗದ ಕೈ ನಿಮ್ಮ ಹತ್ತಿರ ಇತ್ತು, ಅಲ್ವಾ?"

"ಹೌದು."

"ಬೇರೆ ಯಾರ ಹತ್ತಿರವೂ ಇರಲಿಲ್ಲ, ಅಲ್ವಾ?"

ಒಂದು ಪ್ರಶ್ನೆಗೆ ಒಂದೇ ಸಂಗತಿ, ಉತ್ತರವೂ ಅದರೊಳಗೇ ಇರುತ್ತದೆ. ತನ್ನ ಕಡೆಯ ಸಾಕ್ಷಿಗೆ ಮಾತ್ರ ಹೀಗೆ ಉತ್ತರ ಬಾಯಿಗಿಟ್ಟು ಕೇಳುವ ಹಾಗಿಲ್ಲ, "ಆಮೇಲೆ ಏನಾಯ್ತು?" ಅಂತಲೇ ಕೇಳಬೇಕು. ಸಭ್ಯವಾಗಿ ಕಂಡರೂ ಈ "ಅಲ್ವಾ" ಹೆದರಿದ ಸಾಕ್ಷಿಯ ಮೇಲೆ ತುಂಬಾ ಒತ್ತಡ ಹೇರುತ್ತದೆ ಅನ್ನೋದು ನನ್ನ ಅಭಿಪ್ರಾಯ. ದುಭಾಷಿ ನಡುವೆ ಬಂದರೆ ಆ ಒತ್ತಡ ಎಷ್ಟೋ ಸಲ ಅರ್ಧಕ್ಕರ್ಧ ಕಳೆದೇ ಹೋಗುತ್ತದೆ.

ಉಜ್ಬೇಕಿಸ್ತಾನದಲ್ಲಿ ಜ್ಯೂರಿ ಇಲ್ಲ. ಕೇಳುವವರು ನ್ಯಾಯಾಧೀಶರು, ಕೆಲವು ಕೇಸುಗಳಲ್ಲಿ ಅವರ ಜೊತೆ ಜನರ ನಡುವಿನಿಂದ ಬಂದ ಇಬ್ಬರು ಸಲಹೆಗಾರರು. ಅಲ್ಲಿ ಪ್ರಾಸಿಕ್ಯೂಟರ್ "ದವ್ಲತ್ ಅಯ್ಬ್ಲೋವ್‌ಚಿಸಿ", ಅಂದರೆ ಸರ್ಕಾರದ ಪರವಾಗಿ ಆರೋಪ ಮಾಡುವವರು. ನಡೆದದ್ದನ್ನು ಕಥೆಯಂತೆ ಬಿಚ್ಚಿ ಹೇಳುವ ಅಗತ್ಯ ಅವರಿಗೆ ಅಷ್ಟಿಲ್ಲ, ಯಾಕೆಂದರೆ ತನಿಖೆಯ ಕಡತ ಆಗಲೇ ನ್ಯಾಯಾಧೀಶರ ಕೈಯಲ್ಲಿರುತ್ತದೆ. "ಹುರ್ಮತ್ಲಿ ಸುದ್", ಅಂದರೆ ಗೌರವಾನ್ವಿತ ನ್ಯಾಯಾಲಯವೇ ಅಂತ ಶುರು ಮಾಡಿ, ಸಾಕ್ಷ್ಯಗಳನ್ನು ಒಂದೊಂದಾಗಿ ಹೇಳುತ್ತಾ, ಕಳ್ಳತನದ ಕೇಸಾದರೆ ಕ್ರಿಮಿನಲ್ ಕೋಡ್‌ನ 169ನೇ ವಿಧಿಗೆ ಬಂದು ಮುಟ್ಟುತ್ತಾರೆ. ಉಜ್ಬೆಕ್‌ನಲ್ಲೂ ನಮ್ಮ ಕನ್ನಡದ ಹಾಗೆ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೇ ಬರೋದು. ಹಾಗಾಗಿ ಯಾವಾಗ, ಎಲ್ಲಿ, ಯಾರಿಂದ, ಹೇಗೆ ಅನ್ನೋದನ್ನೆಲ್ಲ ಒಂದೇ ಉದ್ದನೆಯ ವಾಕ್ಯಕ್ಕೆ ತುಂಬಿಸಿ "ಸಾಬೀತಾಗಿದೆ" ಅಂತ ಮುಗಿಸೋದು ಅಲ್ಲಿ ಸಹಜ. ಓದಿದವರಿಗೆ ಸರಿ, ಕಟಕಟೆಯಲ್ಲಿರುವ ಮನುಷ್ಯನಿಗೆ ಅರ್ಥವಾಗಬೇಕಲ್ಲ! ಇದು ನನಗೆ ನಿಜಕ್ಕೂ ಬೇಸರದ ವಿಷಯ.

ಇನ್ನೊಂದು ದೊಡ್ಡ ವ್ಯತ್ಯಾಸ ಶಿಕ್ಷೆಯ ಮಾತಿನಲ್ಲಿದೆ. ಉಜ್ಬೇಕಿಸ್ತಾನದ ಪ್ರಾಸಿಕ್ಯೂಟರ್ ಯಾವ ಶಿಕ್ಷೆ, ಎಷ್ಟು ಅಂತ ತಾವೇ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಶಿಕ್ಷೆಯ ಮಾರ್ಗಸೂಚಿ ತೋರಿಸಿ ನ್ಯಾಯಾಧೀಶರಿಗೆ ನೆರವಾಗುತ್ತಾರೆಯೇ ಹೊರತು, ಇಷ್ಟು ವರ್ಷ ಕೊಡಿ ಅಂತ ಕೇಳುವ ರೂಢಿ ಇಲ್ಲ.