ತೆನೆಯ ಚಿತ್ರ ಬಿಡಿ, ತೇವದ ದಿನ ಎಣಿಸಿ

ಪ್ರಶ್ನೆ: ನಮ್ಮದು ಮಳೆ ನಂಬಿದ ಎರಡು ತುಂಡು ಹೊಲ. ಮೇಲಿನದು ಮರಳು ಬೆರೆತ ಕೆಂಪು ಮಣ್ಣು, ಒಂದಡಿ ಅಗೆದರೆ ಕಲ್ಲು. ಕೆಳಗಿನದು ಎರೆಮಣ್ಣು, ಮಳೆ ಜೋರಾದರೆ ನೀರು ನಿಲ್ಲುತ್ತದೆ. ಪಕ್ಕದವರು ಕೊಳವೆಬಾವಿ ನೀರಲ್ಲಿ ಬೆಳೆದ 120 ದಿನದ ಹೈಬ್ರಿಡ್ ಮೆಕ್ಕೆಜೋಳ ನೋಡಿ ಎರಡೂ ಕಡೆ ಅದನ್ನೇ ಹಾಕಿದೆ. ಮೇಲಿನ ಹೊಲದಲ್ಲಿ ಗಿಡ ಎತ್ತರ ಬಂತು, ತೆನೆಯಲ್ಲಿ ಅರ್ಧಕ್ಕರ್ಧ ಕಾಳಿಲ್ಲ. ಯಾವ ತಳಿ ಹಾಕಲಿ? ಬೀಜ ಉಳಿಸಿಕೊಳ್ಳಬಹುದೇ?

ಉತ್ತರ: ತಳಿ ಕೆಟ್ಟದ್ದೇನಲ್ಲ. ಅದು ಪಕ್ಕದವರ ನೀರಿಗೆ ಹೊಂದಿದ ತಳಿ, ಅಷ್ಟೆ. ನಾನೂ ಒಮ್ಮೆ ಪಾಕೀಟಿನ ಮೇಲಿನ ಮೊಳದುದ್ದದ ತೆನೆಗೆ ಮರುಳಾಗಿ ಬೀಜ ತಂದವನೇ. ಕೊಯ್ಲಿಗೆ ಸಿಕ್ಕಿದ್ದು ಹಲ್ಲುದುರಿದ ಬಾಯಿಯಂಥ ತೆನೆ.

ತೆನೆಯ ತುದಿಯಲ್ಲಿ ಜೋಲುವ ರೇಷ್ಮೆಯಂಥ ಎಳೆ ಇದೆಯಲ್ವಾ, ಒಂದು ಎಳೆಗೆ ಒಂದು ಕಾಳು. ಗಿಡದ ನೆತ್ತಿಯಲ್ಲಿ ಬರುವ ಗಂಡು ಹೂಗೊಂಚಲು, ಅಂದರೆ ಸೂಲಂಗಿಯಿಂದ ಪರಾಗ ಉದುರುವಾಗ ಎಳೆ ಹೊರಗಿರಬೇಕು. ಮಣ್ಣು ಒಣಗಿದ್ದರೆ ಸೂಲಂಗಿ ಹೊತ್ತಿಗೆ ಸರಿಯಾಗಿ ಬರುತ್ತದೆ, ಎಳೆ ತಡವಾಗುತ್ತದೆ. ಅಷ್ಟರಲ್ಲಿ ಪರಾಗ ಮುಗಿದಿರುತ್ತದೆ. ಬಿಸಿಲು 35 ಡಿಗ್ರಿ ದಾಟಿದರೆ ಕಷ್ಟ ಇನ್ನೂ ಜಾಸ್ತಿ. 120 ದಿನದ ತಳಿ ಸುಮಾರು 60ನೇ ದಿನಕ್ಕೆ ಹೂ ಬಿಟ್ಟರೆ, 90 ದಿನದ್ದು 50ರ ಆಸುಪಾಸಿಗೇ ಬಿಡುತ್ತದೆ. ನಿಮ್ಮ ಮೇಲಿನ ಹೊಲದ ತೇವ ಆ ಹತ್ತು ದಿನದಲ್ಲೇ ಕೈಕೊಟ್ಟಿರಬೇಕು.

ಹಾಗಾಗಿ ಇಳುವರಿ ಎಷ್ಟು ಅಂತ ಆಮೇಲೆ ಕೇಳಿ. ಬಿತ್ತಿದ ಮೇಲೆ ಮಳೆ ಎಷ್ಟು ದಿನ ಬರುತ್ತದೆ, ನಿಂತ ಮೇಲೆ ಗೇಣುದ್ದ ಆಳದ ಮಣ್ಣು ಎಷ್ಟು ದಿನ ಹಿಡಿದರೆ ಉಂಡೆಯಾಗುತ್ತದೆ, ಅದನ್ನು ಎಣಿಸಿ. ಮೇಲಿನ ಹೊಲಕ್ಕೆ 85ರಿಂದ 95 ದಿನದ ಅಲ್ಪಾವಧಿ ತಳಿ ಸಾಕು. ಗಿಡದ ನಡುವೆ ಅಂತರ ಸ್ವಲ್ಪ ಜಾಸ್ತಿ ಕೊಡಿ. ಕೊಟ್ಟಿಗೆ ಗೊಬ್ಬರ ಇದ್ದರೆ ಮೊದಲು ಅಲ್ಲಿಗೇ ಹಾಕಿ.

ಎರೆಮಣ್ಣು ತೇವ ಹಿಡಿಯುತ್ತದೆ, ಅಲ್ಲಿ 100ರಿಂದ 110 ದಿನದ್ದು ನಡೆಯುತ್ತದೆ. ಅಲ್ಲಿನ ತೊಂದರೆಯೇ ಬೇರೆ. ಮೊಣಕಾಲೆತ್ತರ ಬರುವ ಮುಂಚೆ ಮೆಕ್ಕೆಜೋಳದ ಬೆಳೆಯುವ ತುದಿ ಮಣ್ಣೊಳಗೇ ಇರುತ್ತದೆ. ಆಗ ಎರಡು ಮೂರು ದಿನ ನೀರು ನಿಂತರೆ ಎಂಥ ತಳಿಗೂ ಕಷ್ಟ. ಏರು ಮಾಡಿ ಬಿತ್ತಿ, ಬಸಿಗಾಲುವೆ ತೆಗೆಯಿರಿ. ಎಳೆಯ ಎಲೆಯಲ್ಲಿ ನಡುನರದ ಪಕ್ಕ ಬಿಳಿ ಪಟ್ಟಿ ಕಂಡರೆ ಸತುವಿನ ಕೊರತೆ ಇರಬಹುದು, ಸುಮ್ನೆ ಬೀಜವನ್ನು ಬೈಯಬೇಡಿ. ಕೊಯ್ಲಿನ ಹೊತ್ತಿಗೆ ಮಳೆ ಬರುವ ಕಡೆ ಸಿಪ್ಪೆ ತುದಿಯವರೆಗೂ ಬಿಗಿಯಾಗಿ ಮುಚ್ಚಿರುವ ತಳಿಯೇ ಬೇಕು. ಇಲ್ಲದಿದ್ದರೆ ಬೂಸ್ಟು.

ಹೈಬ್ರಿಡ್ ಬೀಜ ಉಳಿಸಬೇಡಿ, ಮುಂದಿನ ಬೆಳೆ ಏಕರೂಪ ಬರುವುದಿಲ್ಲ, ಇಳುವರಿಯೂ ಇಳಿಯುತ್ತದೆ. ಕಾಂಪೊಸಿಟ್ ತಳಿಯಾದರೆ, ಅಂದರೆ ಹಲವು ತಳಿ ಬೆರೆಸಿ ತಮ್ಮೊಳಗೇ ಪರಾಗ ಕೂಡಲು ಬಿಟ್ಟು ಬೆಳೆಸಿದ್ದಾದರೆ, ಉಳಿಸಬಹುದು. ಆದರೆ ಪಕ್ಕದವರ ಹೈಬ್ರಿಡ್ ಪರಾಗ ಗಾಳಿಯಲ್ಲಿ ಬರುತ್ತದೆ. ಬೀಜದ ತೆನೆಯನ್ನು ಅವರ ಬದುವಿನಿಂದ ಆದಷ್ಟು ದೂರದ ಗಿಡಗಳಿಂದ ಆರಿಸಿ.

ಈ ಸಲ ಇಡೀ ಹೊಲಕ್ಕೆ ಒಂದೇ ತಳಿ ಬೇಡ. ಎರಡು ಮೂರು ತಳಿಯನ್ನು ನಾಲ್ಕು ನಾಲ್ಕು ಸಾಲು ಹಾಕಿ ನೋಡಿ. ಎಳೆ ಹೊರಬಂದ ತಾರೀಖು ಬರೆದಿಟ್ಟು ನನಗೂ ತಿಳಿಸಿ.